ಮಡಿಕೇರಿಯಿಂದ ನಾಮ್‌ಡ್ರೋಲಿಂಗ್‌ಗೆ: ಬಾಡಿಗೆ ಕಾರಿನಲ್ಲಿ ಒಂದು ದಿನ

ಮಡಿಕೇರಿಗೆ ಬಂದ ನೆಂಟರನ್ನು ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಬೌದ್ಧ ವಿಹಾರಕ್ಕೆ ಕರೆದೊಯ್ಯುವುದು ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ. ಕಳೆದ ಜನವರಿಯಲ್ಲಿ ಶಿವಮೊಗ್ಗದಿಂದ ಬಂದಿದ್ದ ಚಿಕ್ಕಪ್ಪ ಚಿಕ್ಕಮ್ಮನವರಿಗಾಗಿ, ಚಾಲಕರೂ ಜೊತೆಗಿರುವ ಬಾಡಿಗೆ ಕಾರೊಂದನ್ನು ಗೊತ್ತುಮಾಡಿದ್ದೆ. ದಾರಿಯ ಬಗೆಗೂ ವಿಹಾರದ ಬಗೆಗೂ ನನಗೆ ಮೆಚ್ಚುಗೆಯಲ್ಲದೆ ಬೇರೆ ಮಾತಿಲ್ಲ. ಕಾರು ಬಾಡಿಗೆಗೆ ಕೊಟ್ಟವರು ಆ ದಿನವನ್ನು ಹಂಚಿಕೊಟ್ಟ ರೀತಿಯ ಬಗ್ಗೆ ಮಾತ್ರ ಆಕ್ಷೇಪವಿದೆ.

ಬೆಟ್ಟದ ಮೇಲಿನ ಗುಡಿಯನ್ನು ನಿರೀಕ್ಷಿಸುವವರಿಗೆ ಮೊದಲೇ ತಿಳಿಸಬೇಕಾದದ್ದೆಂದರೆ, ಇಲ್ಲಿ ಬೆಟ್ಟ ಹತ್ತುವುದಿಲ್ಲ, ಇಳಿಯುತ್ತೇವೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಿಂದ ಸುಮಾರು 830 ಮೀಟರಿನ ಕುಶಾಲನಗರಕ್ಕೆ ರಾಷ್ಟ್ರೀಯ ಹೆದ್ದಾರಿ 275 ತಿರುವು ತಿರುವಾಗಿ ಇಳಿಯುತ್ತದೆ. ಬೆಳಿಗ್ಗೆ ಏಳೂವರೆಗೆ ಹೊರಟಾಗ ತೋಟಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಸುಂಟಿಕೊಪ್ಪ ಬರುವ ಹೊತ್ತಿಗೆ ಬಿಸಿಲು ಬಿದ್ದು, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳೂ, ಅವುಗಳ ಕೆಳಗೆ ಕೆಂಪೇರಿದ ಕಾಫಿ ಹಣ್ಣುಗಳೂ, ಮನೆಗಳ ಮುಂದಿನ ಕಣಗಳಲ್ಲಿ ಒಣಹಾಕಿದ ರಾಶಿಯೂ ಸ್ಪಷ್ಟವಾಗಿ ಕಾಣಿಸಿದವು. ಆನೆಕಾಡು ದಾಟಿ ಗುಡ್ಡೆಹೊಸೂರು ತಲುಪಿದಾಗ ಗಾಳಿಯ ತಂಪು ಕಡಿಮೆಯಾಗಿ ಬಯಲಿನ ಬಿಸಿ ತಾಗುತ್ತದೆ. ತಿರುವುಗಳಲ್ಲಿ ಹೊಟ್ಟೆ ತೊಳಸುವ ಚಿಕ್ಕಮ್ಮನನ್ನು ಗಮನಿಸಿದ ಚಾಲಕರು, ‘ಅವಸರ ಇಲ್ಲಮ್ಮ, ನಿಧಾನಕ್ಕೇ ಹೋಗೋಣ’ ಎಂದವರು ಕೊನೆಯವರೆಗೂ ಹಾಗೆಯೇ ಓಡಿಸಿದರು. ಕುಶಾಲನಗರದಲ್ಲಿ ಕಾವೇರಿಯ ಸೇತುವೆ ದಾಟಿದರೆ ಕೊಡಗು ಮುಗಿದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಕೊಪ್ಪದಲ್ಲಿ ಬಲಕ್ಕೆ ಹೊರಳಿ ಟಿಬೆಟನ್ ಕ್ಯಾಂಪುಗಳ ನಡುವೆ ಕೆಲವು ನಿಮಿಷ ಸಾಗಿದರೆ ವಿಹಾರ.

ಕಟ್ಟಡದ ವಯಸ್ಸನ್ನಷ್ಟೇ ನೋಡಿದರೆ ಇದು ಹಳೆಯದಲ್ಲ. ಗೋಲ್ಡನ್ ಟೆಂಪಲ್ ಎಂದು ಎಲ್ಲರೂ ಕರೆಯುವ ಮಂದಿರ ಉದ್ಘಾಟನೆಯಾದದ್ದು 1999ರಲ್ಲಿ. ಆದರೆ ಇದರ ಮೂಲಮಠವಾದ ಪಾಲ್ಯುಲ್ ಪೂರ್ವ ಟಿಬೆಟ್ಟಿನ ಖಾಮ್ ಪ್ರಾಂತ್ಯದ ಪರ್ವತಗಳಲ್ಲಿ 1665ರಲ್ಲಿ ಸ್ಥಾಪನೆಯಾಯಿತು. ಆ ಪರಂಪರೆಯ ಹನ್ನೊಂದನೆಯ ಪೀಠಾಧಿಪತಿ ಪೆನೋರ್ ರಿನ್‌ಪೋಚೆಯವರು ದೇಶ ತೊರೆದು ಬಂದು, 1963ರಲ್ಲಿ ಇಲ್ಲಿ ಬಿದಿರಿನ ಕಟ್ಟಡದಿಂದ ನಾಮ್‌ಡ್ರೋಲಿಂಗ್ ಮಠವನ್ನು ಆರಂಭಿಸಿದರು. ಟಿಬೆಟನ್ ಬೌದ್ಧ ಧರ್ಮದ ನಾಲ್ಕು ಪ್ರಮುಖ ಪಂಥಗಳಲ್ಲಿ ಅತ್ಯಂತ ಹಳೆಯದಾದ ನ್ಯಿಂಗ್ಮಾ ಪಂಥದ ಮಠವಿದು. ಈ ಹಿನ್ನೆಲೆಯನ್ನು ಕಾರಿನಲ್ಲಿಯೇ ಚಿಕ್ಕಪ್ಪನವರಿಗೆ ಹೇಳಿದ್ದರಿಂದ, ಒಳಗೆ ಕಾಲಿಟ್ಟಾಗ ಅವರ ಕಣ್ಣು ಚಿನ್ನದ ಹೊಳಪಿನಲ್ಲಿಯೇ ನಿಂತುಬಿಡಲಿಲ್ಲ.

ನಡುವೆ 60 ಅಡಿಯ ಶಾಕ್ಯಮುನಿ ಬುದ್ಧ. ಇಕ್ಕೆಲಗಳಲ್ಲಿ ತಲಾ 58 ಅಡಿಯ ಗುರು ಪದ್ಮಸಂಭವ ಮತ್ತು ದೀರ್ಘಾಯುಷ್ಯದ ಬುದ್ಧನಾದ ಅಮಿತಾಯು. ತಾಮ್ರದಲ್ಲಿ ಮಾಡಿ ಚಿನ್ನದ ಲೇಪ ಕೊಟ್ಟಿರುವ ಈ ವಿಗ್ರಹಗಳ ಒಡಲಲ್ಲಿ ಧರ್ಮಗ್ರಂಥಗಳನ್ನೂ ಮಹಾಪುರುಷರ ಅವಶೇಷಗಳನ್ನೂ ಮಣ್ಣಿನ ಪುಟ್ಟ ಸ್ತೂಪಗಳನ್ನೂ ಇರಿಸಲಾಗಿದೆ. ಎಂಟನೆಯ ಶತಮಾನದಲ್ಲಿ ಟಿಬೆಟ್ಟಿಗೆ ತಂತ್ರಮಾರ್ಗವನ್ನು ಕೊಂಡೊಯ್ದವರೆಂದು ಪೂಜಿಸಲ್ಪಡುವ ಪದ್ಮಸಂಭವರ ಅಗಲಗಣ್ಣಿನ ನೇರ ನೋಟವೂ, ಬುದ್ಧನ ಅರೆಮುಚ್ಚಿದ ಕಣ್ಣುಗಳೂ ಒಂದರ ಪಕ್ಕ ಒಂದಿರುವುದನ್ನು ನೋಡಲಿಕ್ಕೇ ನಾನು ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತೇನೆ. ಅಂದು ಪ್ರಾರ್ಥನೆಯ ಹೊತ್ತು ಒದಗಿ ಬಂತು. ಕೆಂಪು ವಸ್ತ್ರದ ಸನ್ಯಾಸಿಗಳು ಸಾಲಾಗಿ ಕುಳಿತು ತಗ್ಗಿದ ಸ್ವರದಲ್ಲಿ ಪಠಿಸುತ್ತಿದ್ದಾಗ, ನಡುವೆ ಉದ್ದನೆಯ ಕಹಳೆಗಳೂ ದೊಡ್ಡ ನಗಾರಿಗಳೂ ಒಮ್ಮೆಲೇ ಮೊಳಗಿ ನೆಲವೇ ಅದುರಿದಂತಾಯಿತು. ಮಂಡಿನೋವಿನ ಚಿಕ್ಕಮ್ಮ ಗೋಡೆಗೆ ಒರಗಿ ಕುಳಿತು, ಅದು ಮುಗಿಯುವವರೆಗೂ ಏಳಲಿಲ್ಲ.

ಬಾಡಿಗೆಯವರು ವಿಹಾರಕ್ಕೆಂದು ಇಟ್ಟಿದ್ದ ಕಾಲ ಒಂದೇ ಗಂಟೆ. ಉಳಿದ ಸಮಯವನ್ನು ದುಬಾರೆ, ನಿಸರ್ಗಧಾಮ ಮತ್ತು ಅಂಗಡಿಗಳಿಗೆ ಹಂಚಿದ್ದರು. ನಾವು ಉಳಿದವನ್ನೆಲ್ಲ ಬಿಟ್ಟು ಮಧ್ಯಾಹ್ನದವರೆಗೂ ವಿಹಾರದಲ್ಲಿಯೇ ಇದ್ದೆವು. ಓಡಿದ ದೂರ ಕಡಿಮೆಯಾದರೂ, ಸಂಜೆ ಲೆಕ್ಕ ಮಾಡುವಾಗ ‘ಕಾದದ್ದಕ್ಕೆ’ ಎಂದು ಹೆಚ್ಚುವರಿ ಹಣ ಸೇರಿಸಿದರು. ಈ ನಿಯಮವನ್ನು ಗೊತ್ತುಮಾಡುವಾಗ ತಿಳಿಸಿರಲಿಲ್ಲ. ಹಣ ದೊಡ್ಡದಲ್ಲ, ಆದರೆ ಧ್ಯಾನ ಪ್ರಾರ್ಥನೆಗಳ ಸ್ಥಳವೊಂದನ್ನು ಫೋಟೊ ತೆಗೆದು ಹೊರಡುವ ತಾಣವೆಂದು ಎಣಿಸಿ, ಅಲ್ಲಿ ಕುಳಿತದ್ದಕ್ಕೆ ದಂಡ ಹಾಕುವ ಪದ್ಧತಿ ನನಗೆ ನಿಜಕ್ಕೂ ನೋವುಂಟುಮಾಡಿತು. ಚಾಲಕರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಹೋಗುವವರು ನಾಮ್‌ಡ್ರೋಲಿಂಗ್ ಒಂದಕ್ಕೇ ಅರ್ಧ ದಿನ ಎಂದು ಗೊತ್ತುಮಾಡಿ, ಕಾಯುವ ಹೊತ್ತಿನ ದರವನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ವಿಹಾರಕ್ಕೆ ಪ್ರವೇಶ ಶುಲ್ಕವಿಲ್ಲ. ಪಾದರಕ್ಷೆಗಳನ್ನು ಹೊರಗೆ ಬಿಡಬೇಕು. ಭಾನುವಾರಗಳಲ್ಲಿಯೂ ಸಾಲುರಜೆಗಳಲ್ಲಿಯೂ ಜನಸಂದಣಿ ವಿಪರೀತ. ಎದುರಿನ ಅಂಗಡಿ ಸಾಲಿನಲ್ಲಿ ಬಿಸಿ ಥುಕ್ಪಾ (ಟಿಬೆಟನ್ ನೂಡಲ್ಸ್ ಸೂಪ್) ಸಿಗುತ್ತದೆ, ಚಿಕ್ಕಪ್ಪ ಎರಡು ಬಟ್ಟಲು ಕುಡಿದರು. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುವ ಟಿಬೆಟನ್ ಹೊಸವರ್ಷ ಲೋಸಾರ್‌ನ ಆಸುಪಾಸಿನಲ್ಲಿ ಸನ್ಯಾಸಿಗಳು ಮುಖವಾಡ ತೊಟ್ಟು ನೃತ್ಯ ಮಾಡುತ್ತಾರೆಂದು ಹೇಳಿದಾಗ, ಆಗಲೂ ಇದೇ ಚಾಲಕರನ್ನು ಕರೆಯಬೇಕೆಂದು ಚಿಕ್ಕಮ್ಮ ಹೇಳಿದರು. ಅವರ ಫೋನ್ ನಂಬರನ್ನು ಬರೆದಿಟ್ಟುಕೊಂಡಿದ್ದೇನೆ.