ಎರಡು ರೋಬೋಟ್, ಒಂದು ಕೆಟ್ಟ ಸಿನಿಮಾ ಮತ್ತು ನನ್ನ ಸಬ್‌ಟೈಟಲ್ ಜಗಳ

ಮೊದಲು ದೂರು ಹೇಳಿಬಿಡುತ್ತೇನೆ. ಕೆಟ್ಟ ಸಿನಿಮಾಗಳನ್ನು ಗೇಲಿ ಮಾಡುವ ಅಮೆರಿಕದ ಟೀವಿ ಶೋ 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಅನ್ನು ಸಬ್‌ಟೈಟಲ್ ಹಾಕಿಕೊಂಡು ನೋಡುವುದು ತಲೆನೋವು. ಪರದೆ ಮೇಲೆ ಸಿನಿಮಾದ ಪಾತ್ರ ಏನೋ ಹೇಳುತ್ತದೆ. ಅದು ಬಾಯಿ ಮುಚ್ಚುವ ಮೊದಲೇ ಕೆಳಗೆ ಕೂತವರು ಅದಕ್ಕೊಂದು ಸೇರಿಸುತ್ತಾರೆ. ಯಂತ್ರ ತಾನಾಗಿ ಬರೆಯುವ ಸಬ್‌ಟೈಟಲ್‌ಗೆ ಇದು ಯಾರ ಮಾತು, ಅದು ಯಾರ ಮಾತು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಕಲಸಿ ಒಂದೇ ಸಾಲು ಮಾಡಿಡುತ್ತದೆ. ಪತ್ತೇದಾರನ ಪ್ರಶ್ನೆಯ ಅರ್ಧಕ್ಕೆ ರೋಬೋಟಿನ ತಮಾಷೆಯ ಅರ್ಧ ಅಂಟಿಕೊಂಡಿರುತ್ತದೆ. ಬಿಡಿಸಿಕೊಂಡು ಓದುವಷ್ಟರಲ್ಲಿ ಇನ್ನೆರಡು ಜೋಕ್ ಹೋಗಿರುತ್ತವೆ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಓದಿದರೆ ಪೂರ್ತಿ ತಿಳಿಯುತ್ತದೆ, ಕೇಳಿದರೆ ಮುಕ್ಕಾಲು. ಹಾಗಾಗಿ ಈ ದೂರು ನನಗೆ ದೊಡ್ಡದು. ನಿಮಗೆ ಇಲ್ಲದೇ ಇರಬಹುದು.

ಈ ಶೋ ಏನು ಅಂತ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಹುಚ್ಚು ವಿಜ್ಞಾನಿಗಳು ಒಬ್ಬ ಪಾಪದ ನೌಕರನನ್ನು ಉಪಗ್ರಹಕ್ಕೆ ಕಳಿಸಿ ಕೆಟ್ಟ ಕೆಟ್ಟ ಸಿನಿಮಾ ತೋರಿಸುತ್ತಾರೆ. ಅವನು ಜೊತೆಗಿರಲಿ ಅಂತ ರೋಬೋಟ್‌ಗಳನ್ನು ಮಾಡಿಕೊಳ್ಳುತ್ತಾನೆ. ಮೂವರ ಕಪ್ಪು ನೆರಳು ಪರದೆಯ ಕೆಳಗೆ ಕೂತು ಸಿನಿಮಾ ಮುಗಿಯುವ ತನಕ ಗೇಲಿ ಮಾಡುತ್ತದೆ. ಜೋಯೆಲ್ ಹಾಡ್ಜ್‌ಸನ್ ಇದನ್ನು ಶುರು ಮಾಡಿದ್ದು 1988ರ ನವೆಂಬರ್‌ನಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನ ಕೆಟಿಎಂಎ ಎಂಬ ಲೋಕಲ್ ಚಾನೆಲ್‌ನಲ್ಲಿ. ಕ್ರೋ ಎಂಬ ರೋಬೋಟಿನ ಕಣ್ಣು ಪಿಂಗ್‌ಪಾಂಗ್ ಚೆಂಡು. ಟಾಮ್ ಸರ್ವೋನ ತಲೆ ಬಬಲ್‌ಗಮ್ ತುಂಬಿಡುವ ಆಟಿಕೆ ಡಬ್ಬಿ. ಸೆಟ್ ಅಗ್ಗದ್ದು ಅಂತ ನನಗೆ ಯಾವ ಬೇಜಾರೂ ಇಲ್ಲ. ನನಗೆ ಅದೇ ಇಷ್ಟ.

ನಾನು ನೋಡುವುದು ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ. ಚಳಿಗಾಲವಾದರೆ ಮುಂದೆ ಒಂದು ಪಾತ್ರೆ ತುಂಬಾ ಹಿಂದಿನ ರಾತ್ರಿ ನೆನೆಸಿಟ್ಟ ಅವರೆಕಾಳು. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಬೇಳೆ ಪುಳಕ್ಕನೆ ಜಾರಬೇಕು, ಸಿಪ್ಪೆ ಕೈಯಲ್ಲೇ ಉಳಿಯಬೇಕು. ಜಾಸ್ತಿ ಒತ್ತಿದರೆ ಬೇಳೆ ಸೀದಾ ಸೋಫಾ ಕೆಳಗೆ. ಅವರೆ ಸೀಸನ್ ಅಲ್ಲದಿದ್ದಾಗ ವಾರದ ಬಟ್ಟೆ ಇಸ್ತ್ರಿ. ಒಂದು ಕಂತು ಹೆಚ್ಚುಕಡಿಮೆ ಒಂದೂವರೆ ಗಂಟೆ. ಅಷ್ಟರಲ್ಲಿ ರಾತ್ರಿಯ ಸಾರಿಗೆ ಬೇಕಾದಷ್ಟು ಹಿದುಕಿದ ಬೇಳೆ ಆಗುತ್ತದೆ. ಒಳ್ಳೆ ಸಿನಿಮಾ ಹಾಕಿದರೆ ಈ ಕೆಲಸ ನಡೆಯೋದಿಲ್ಲ, ಕಣ್ಣು ಅಲ್ಲೇ ಇಡಬೇಕು. ಇಲ್ಲಿ ಹಾಗಲ್ಲ. ಯಾರೋ ಕಾರು ಓಡಿಸುತ್ತಿರುತ್ತಾರೆ. ಐದು ನಿಮಿಷ ಬಿಟ್ಟು ತಲೆ ಎತ್ತಿದರೂ ಅವರು ಓಡಿಸುತ್ತಲೇ ಇರುತ್ತಾರೆ.

ಆದರೆ ಸಬ್‌ಟೈಟಲ್ ಓದಬೇಕು ಅಂದರೆ ತಲೆ ಎತ್ತಿಯೇ ಇರಬೇಕಲ್ವಾ? ಒಂದು ಭಾನುವಾರ ಬೇಳೆಗಿಂತ ಸಿಪ್ಪೆಯೇ ಪಾತ್ರೆಗೆ ಜಾಸ್ತಿ ಬಿತ್ತು. ಸಿಟ್ಟಲ್ಲಿ ಸಬ್‌ಟೈಟಲ್ ಆಫ್ ಮಾಡಿದೆ.

ಆಮೇಲೆ ಶೋ ಬೇರೆಯೇ ಆಯಿತು. ಇವರು ಬಾಯಿಗೆ ಬಂದಾಗ ಮಾತಾಡುವುದಿಲ್ಲ. ಸ್ಕ್ರಿಪ್ಟ್ ಬರೆದುಕೊಂಡು, ಸಿನಿಮಾ ಸುಮ್ಮನಾಗುವ ಜಾಗ ನೋಡಿ ಮಾತು ಇಡುತ್ತಾರೆ. ಓದುವುದು ನಿಲ್ಲಿಸಿದ ಮೇಲೆ ಆ ಜಾಗಗಳು ಕಿವಿಗೆ ಸಿಕ್ಕವು. ಸರ್ವೋಗೆ ಹಳೆ ರೇಡಿಯೊದವರ ಹಾಗೆ ತುಂಬಿದ ಗಂಟಲು. ಕ್ರೋದು ಚುಚ್ಚುವ ದನಿ. ನೋಡದೇ ಯಾರು ಮಾತಾಡಿದರು ಅಂತ ಹೇಳಬಹುದು. ಕಾಲು ಭಾಗ ಈಗಲೂ ತಿಳಿಯುವುದಿಲ್ಲ, ಎಪ್ಪತ್ತು ಎಂಬತ್ತರ ದಶಕದ ಅಮೆರಿಕದ ಜಾಹೀರಾತು, ಟೀವಿ ಧಾರಾವಾಹಿಯ ಹೆಸರುಗಳಂತೂ ತಲೆ ಮೇಲೇ ಹೋಗುತ್ತವೆ. ಹೋಗಲಿ ಬಿಡಿ.

'ಮ್ಯಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್' ಕಂತಿನ ದಿನ ಅಮ್ಮನೂ ಅವರೆ ಹಿದುಕಲು ಕೂತರು. ಟೆಕ್ಸಾಸ್‌ನ ಎಲ್ ಪಾಸೊದ ಒಬ್ಬ ಗೊಬ್ಬರದ ವ್ಯಾಪಾರಿ ತಾನೇ ಬರೆದು, ನಿರ್ದೇಶಿಸಿ, ನಟಿಸಿದ 1966ರ ಸಿನಿಮಾ ಅದು. ಕ್ಯಾಮೆರಾ ಒಂದು ಸಲಕ್ಕೆ 32 ಸೆಕೆಂಡ್ ಮಾತ್ರ ಚಿತ್ರೀಕರಿಸುತ್ತಿತ್ತು. ದನಿಯನ್ನು ಆಮೇಲೆ ಸೇರಿಸಿದ್ದು. ಅದರಲ್ಲಿ ಟೋರ್ಗೊ ಅಂತ ಒಬ್ಬ ಆಳು, ದಪ್ಪ ದಪ್ಪ ಮಂಡಿ ಎಳೆದುಕೊಂಡು ನಡೆಯುತ್ತಾನೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. "ಅಯ್ಯೋ, ಈ ಪುಣ್ಯಾತ್ಮ ಬಾಗಿಲಿಗೆ ಹೋಗೋಷ್ಟರಲ್ಲಿ ಬಂದೋರು ವಾಪಸ್ ಹೋಗಿರ್ತಾರೆ ಕಣೇ" ಅಂದರು. ಕಂತು ಮುಗಿಯುವ ತನಕ ಅಮ್ಮನ ಬಾಯಿ ನಿಲ್ಲಲಿಲ್ಲ. ನಾನು ರೋಬೋಟ್‌ಗಳನ್ನು ಬಿಟ್ಟು ಅಮ್ಮನದನ್ನೇ ಕೇಳುತ್ತಿದ್ದೆ. ಈಗ ಪ್ರತಿ ಭಾನುವಾರ "ಆ ಮಂಡಿಯವನದು ಇದೆಯಾ" ಅಂತ ಕೇಳುತ್ತಾರೆ.

ಹೊಸ ಸೀಸನ್‌ಗಳು ನನಗೆ ಆಗಿಬರಲಿಲ್ಲ. 2015ರಲ್ಲಿ ಅಭಿಮಾನಿಗಳೇ 57 ಲಕ್ಷ ಡಾಲರ್‌ಗೂ ಜಾಸ್ತಿ ಹಣ ಕೂಡಿಸಿ ಶೋವನ್ನು ಮತ್ತೆ ತಂದರು. ಆ ಪ್ರೀತಿಗೆ ಕೈ ಮುಗಿಯಬೇಕು. ಆದರೆ 2017ರ ಕಂತುಗಳಲ್ಲಿ ಉಸಿರಾಡಲು ಜಾಗ ಇಲ್ಲ. ಒಂದು ಜೋಕ್ ಇಳಿಯುವ ಮೊದಲು ಮೂರು ಬಂದಿರುತ್ತವೆ. ಮುಕ್ಕಾಲು ಕಿವಿಯ ನನ್ನಂಥವರಿಗೆ ಹಾಡ್ಜ್‌ಸನ್ ತಾನೇ ಆ ಪಾಪದ ನೌಕರನಾಗಿದ್ದ ಕಾಲದ ಕಂತುಗಳೇ ಸರಿ. ಆ ಮನುಷ್ಯ ಅರ್ಧ ನಿದ್ದೆಯಲ್ಲಿದ್ದಂತೆ ನಿಧಾನಕ್ಕೆ ಮಾತಾಡುತ್ತಾನೆ.

ಖರ್ಚು? ಡೇಟಾ ಬಿಟ್ಟರೆ ಏನಿಲ್ಲ. ಶೋದವರೇ ಹಳೆಯ ಕಂತು ಎಷ್ಟೋ ಯೂಟ್ಯೂಬ್‌ಗೆ ಹಾಕಿದ್ದಾರೆ. ಎಲ್ಲವೂ ಸಿಗುವುದಿಲ್ಲ. ಗೇಲಿ ಮಾಡಿದ ಪ್ರತಿ ಸಿನಿಮಾದ ಹಕ್ಕನ್ನೂ ಬೇರೆ ಬೇರೆ ಪಡೆಯಬೇಕು. ಗಾಡ್ಜಿಲ್ಲಾ ಸಿನಿಮಾ ಇದ್ದ ಒಂದು ಡಿವಿಡಿ ಸೆಟ್ಟನ್ನು ಅದೇ ಕಾರಣಕ್ಕೆ ಅಂಗಡಿಗಳಿಂದ ವಾಪಸ್ ತರಿಸಿದ್ದರು. ತರಿಸಿಕೊಳ್ಳುವ ಆಸೆ ನನಗಿಲ್ಲ. ಡಿವಿಡಿ ಪ್ಲೇಯರ್ ಅಟ್ಟ ಸೇರಿ ಎಷ್ಟೋ ಕಾಲವಾಯಿತು.

ಹೊಸಬರು 'ಮ್ಯಾನೋಸ್'ನಿಂದ ಶುರು ಮಾಡಬೇಡಿ. ಎಲ್ಲರೂ ಅದನ್ನೇ ಹೇಳುತ್ತಾರೆ, ಆದರೆ ಆ ಸಿನಿಮಾ ನಿಜಕ್ಕೂ ಸಹಿಸಲು ಕಷ್ಟ. 1993ರ 'ಮಿಚೆಲ್' ಕಂತು ಹಾಕಿ. ಪತ್ತೇದಾರಿ ಕಥೆ, ಮಾತು ಸ್ಪಷ್ಟ, ನಿರೂಪಕನಾಗಿದ್ದ ಹಾಡ್ಜ್‌ಸನ್ ಶೋ ಬಿಟ್ಟು ಹೋಗುವ ಕಂತು ಬೇರೆ. ಸಬ್‌ಟೈಟಲ್ ಮಾತ್ರ ಹಾಕಬೇಡಿ.