ಜಗನ್ಮೋಹನ ಅರಮನೆಯ ಚಿತ್ರಶಾಲೆ: ಕುಂಚದ ದುಡಿಮೆಯ ನಡುವೆ ಕಲೆಯ ಬಗ್ಗೆ ಬರೆಯುವವರಿಗೆ

ಮೈಸೂರಿನಲ್ಲಿ ಕಲೆಯ ಬಗ್ಗೆ ಬರೆಯುವ ನಮ್ಮಲ್ಲಿ ಹೆಚ್ಚಿನವರು ಬರವಣಿಗೆಯನ್ನು ನಂಬಿ ಬದುಕುವವರಲ್ಲ. ಒಬ್ಬರು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದರೆ, ಇನ್ನೊಬ್ಬರು ಚಿತ್ರಗಳಿಗೆ ಕಟ್ಟು ಹಾಕಿಸಿ ಪ್ರದರ್ಶನಕ್ಕೆ ಅಣಿಗೊಳಿಸುತ್ತಾರೆ. ನಾನು ಮೈಸೂರು ಶೈಲಿಯ ದೇವರ ಪಟಗಳನ್ನು ಆರ್ಡರಿಗೆ ಬರೆದುಕೊಟ್ಟು, ರಾತ್ರಿ ಊಟವಾದ ಮೇಲೆ ವಿಮರ್ಶೆಗೆ ಕೂರುತ್ತೇನೆ. ಹೀಗೆ ಬದುಕುವವರಿಗೆ ಸಮಯದ ಅಭಾವಕ್ಕಿಂತ ದೊಡ್ಡ ತೊಡಕೆಂದರೆ ದಾಕ್ಷಿಣ್ಯ. ಯಾರ ಚಿತ್ರದ ಬಗ್ಗೆ ಬರೆಯಬೇಕೋ ಅವರೇ ನಾಳೆ ಕೆಲಸ ಕೊಡುವವರಾಗಿರುತ್ತಾರೆ. ಪ್ರದರ್ಶನವೊಂದಕ್ಕೆ ನನ್ನಿಂದ ಕೆಲಸ ಮಾಡಿಸಿಕೊಂಡಿದ್ದ ಆಯೋಜಕರು, ಅದರ ಕುರಿತ ನನ್ನ ಲೇಖನದಲ್ಲಿ ಒಂದೆರಡು ಆಕ್ಷೇಪಗಳನ್ನು ಓದಿದ ಮೇಲೆ ಮತ್ತೆ ಕರೆಯಲಿಲ್ಲ. ಬರೆದದ್ದು ಸರಿ ಎಂದೇ ಈಗಲೂ ನಂಬಿದ್ದೇನೆ, ಆದರೆ ಅಂಥ ಮಾತನ್ನು ಅಳೆದು ಬರೆಯುವ ಅಭ್ಯಾಸಕ್ಕೆ ಯಾರ ಹಂಗೂ ಇಲ್ಲದ ಒಂದು ಜಾಗ ಬೇಕಾಗುತ್ತದೆ. ನನ್ನ ಮಟ್ಟಿಗೆ ಆ ಜಾಗ ಜಗನ್ಮೋಹನ ಅರಮನೆಯಲ್ಲಿರುವ ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ ಈ ಅರಮನೆಯಲ್ಲಿ 1915ರಿಂದ ಚಿತ್ರಶಾಲೆ ನಡೆಯುತ್ತಿದೆ. ವಾದ್ಯಗಳು, ಪೀಠೋಪಕರಣಗಳು, ದಂತದ ಕೆಲಸ ಎಲ್ಲವೂ ಇಲ್ಲಿವೆ. ಬರೆಯುವವರು ಅವುಗಳ ಮುಂದೆ ಬೇಗ ಹಾದುಹೋಗಿ, ಸಮಯವನ್ನು ಚಿತ್ರಗಳಿಗೆ ಉಳಿಸಿಕೊಳ್ಳುವುದು ಒಳ್ಳೆಯದು.

ನಾನು ಹೆಚ್ಚು ಹೊತ್ತು ನಿಲ್ಲುವುದು ಮೈಸೂರು ಶೈಲಿಯ ಹಳೆಯ ಕೃತಿಗಳ ಎದುರು. ಈ ಕೆಲಸದಲ್ಲಿ ಒಡವೆ, ಕಿರೀಟ, ಸೆರಗಿನ ಅಂಚುಗಳಿಗೆ ಮೊದಲು ಮಕ್ಕಿ ಸಫೇದವೆಂಬ, ಬಿಳಿ ಪುಡಿಗೆ ಅಂಟು ಬೆರೆಸಿದ ಲೇಪದಿಂದ ಸಣ್ಣ ಉಬ್ಬು ಕೊಟ್ಟು, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತೇವೆ. ತಂಜಾವೂರಿನ ಪಟಗಳಲ್ಲಿ ಉಬ್ಬು ದಪ್ಪ, ಕಲ್ಲುಗಳೂ ಇರುತ್ತವೆ; ನಮ್ಮಲ್ಲಿ ಉಬ್ಬು ಎಷ್ಟು ತೆಳುವಾಗಿರಬೇಕೆಂದರೆ ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ಮಣಿಗಳ ಸಾಲು ಬೇರೆಬೇರೆಯಾಗಿ ಕಾಣಬೇಕು. 2005ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕ ಮೇಲೆ ಈ ಶೈಲಿಯ ಹೆಸರು ಎಲ್ಲೆಡೆ ಕೇಳಿಬರುತ್ತಿದೆಯಾದರೂ, ಗಿರಾಕಿಗಳು ಕೇಳುವುದು ಹೆಚ್ಚು ಹೊಳಪನ್ನು. ಹಳೆಯ ಚಿತ್ರಗಾರರು ಚಿನ್ನವನ್ನು ಎಲ್ಲಿ ನಿಲ್ಲಿಸಿ, ದೇವಿಯ ಮುಖಕ್ಕೆ ಎಷ್ಟು ಬಿಡುವು ಕೊಟ್ಟಿದ್ದಾರೆಂಬುದನ್ನು ಇಲ್ಲಿ ನಿಂತು ನೋಡಿದರೆ, ವಿಮರ್ಶೆಯಲ್ಲಿ "ಅತಿಯಾಯಿತು" ಎಂದು ಬರೆಯುವುದಕ್ಕೆ ಒಂದು ಅಳತೆ ಸಿಗುತ್ತದೆ. ಅದೇ ಅಳತೆ ಮರುದಿನ ನನ್ನ ಹಲಗೆಗೂ ಅನ್ವಯಿಸುತ್ತದೆ. ಗೋಡೆಯ ಮೇಲಿನ ಸಂತಾನಾಂಬುಜವನ್ನೂ ಬಿಡಬಾರದು. ಒಡೆಯರ ವಂಶಾವಳಿಯನ್ನು ತಾವರೆಯ ದಳಗಳಲ್ಲಿ ಜೋಡಿಸಿರುವ ಆ ಕ್ರಮ ಚಿತ್ರವೂ ಹೌದು, ದಾಖಲೆಯೂ ಹೌದು.

ಎಲ್ಲರೂ ಹುಡುಕಿಕೊಂಡು ಬರುವುದು ದೀಪ ಹಿಡಿದ ಹೆಣ್ಣಿನ ಚಿತ್ರವನ್ನು. ಇದು ರವಿವರ್ಮನದೆಂದು ಇಂದಿಗೂ ಹೇಳುವವರಿದ್ದಾರೆ, ಅಚ್ಚಿನಲ್ಲೂ ಹಾಗೆಯೇ ಬಂದದ್ದುಂಟು. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಣಕರ್, ಮಾದರಿಯಾಗಿ ನಿಂತವರು ಅವರ ಮಗಳು ಗೀತಾ. ಇನ್ನೊಂದು ಮುಖ್ಯ ಸಂಗತಿಯೆಂದರೆ ಇದು ಜಲವರ್ಣ. ತೈಲವರ್ಣದಲ್ಲಿ ಕತ್ತಲೆಯ ಮೇಲೆ ಬೆಳಕನ್ನು ಆಮೇಲೆ ಇಡಬಹುದು. ಜಲವರ್ಣದಲ್ಲಿ ಬೆಳಕಿನ ಜಾಗವನ್ನು ಮೊದಲೇ ಕಾಯ್ದಿಟ್ಟುಕೊಳ್ಳಬೇಕು. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳ ಸಂದಿಯ ಕೆಂಪನ್ನೂ, ಅಲ್ಲಿಂದ ಗಲ್ಲ ಮತ್ತು ಸೀರೆಯ ಮಡಿಕೆಗಳ ಕಡೆಗೆ ಬೆಳಕು ಸೊರಗುವ ರೀತಿಯನ್ನೂ ನೋಡಿದರೆ ಆ ಎಚ್ಚರ ಎಂಥದ್ದೆಂದು ತಿಳಿಯುತ್ತದೆ. ಕರ್ತೃವಿನ ಹೆಸರನ್ನೂ ಮಾಧ್ಯಮವನ್ನೂ ಖಚಿತಪಡಿಸಿಕೊಳ್ಳದೆ ಒಂದು ಸಾಲೂ ಬರೆಯಬಾರದೆಂದು ಹೊಸದಾಗಿ ಬರೆಯಲು ಬರುವ ಹುಡುಗರಿಗೆ ನಾನು ಹೇಳುವುದು ಈ ಚಿತ್ರದ ಮುಂದೆಯೇ. ಅದೇ ಸುತ್ತಿನಲ್ಲಿ ರವಿವರ್ಮನ ತೈಲವರ್ಣಗಳನ್ನೂ ನೋಡಿದರೆ ಎರಡು ಕೈಗಳ ವ್ಯತ್ಯಾಸ ವಾದವಿಲ್ಲದೆ ಮನದಟ್ಟಾಗುತ್ತದೆ.

ಚಿತ್ರಶಾಲೆ ತೆರೆದಿರುವುದು ಹಗಲಿನಲ್ಲಿ, ಅಂದರೆ ದುಡಿಯುವ ಹೊತ್ತಿನಲ್ಲೇ. ಆದ್ದರಿಂದ ಕೆಲಸದ ದಿನವೊಂದರ ಬೆಳಗ್ಗೆ, ಒಂದು ಪಟದ ಬಣ್ಣ ಒಣಗಲು ಬಿಟ್ಟು ಹೋಗುವುದು ನನಗೆ ಒಗ್ಗಿದ ಕ್ರಮ. ದಸರಾ ದಿನಗಳ ಜನಸಂದಣಿಯಲ್ಲಿ ನಿಂತು ನೋಡುವ ಮಾತೇ ಇಲ್ಲ. ಒಂದು ಭೇಟಿಗೆ ಎರಡು ಮೂರು ಚಿತ್ರಗಳಷ್ಟೇ ಸಾಕು. ಅಲ್ಲೇ ಪೆನ್ಸಿಲಿನಲ್ಲಿ ಟಿಪ್ಪಣಿ ಮಾಡಿಕೊಂಡರೆ ರಾತ್ರಿಯ ಬರವಣಿಗೆ ಅರ್ಧ ಮುಗಿದಂತೆಯೇ.

ಈಗಿನ ಮೈಸೂರಿನ ಕಲಾವಿದರನ್ನು ತಿಳಿಯಬೇಕಾದವರಿಗೆ ಈ ಚಿತ್ರಶಾಲೆಯೊಂದೇ ಸಾಲದು. ಅದಕ್ಕೆ ಸಿದ್ಧಾರ್ಥನಗರದ ದೃಶ್ಯಕಲಾ ಕಾಲೇಜಾದ ಕಾವಾದಲ್ಲಿ, ಕಲಾಮಂದಿರದ ಸುಚಿತ್ರ ಕಲಾ ಗ್ಯಾಲರಿಯಲ್ಲಿ ಪ್ರದರ್ಶನಗಳು ನಡೆಯುವಾಗ ಹೋಗಬೇಕು. ಅಲ್ಲಿಗೆ ಉದ್ಘಾಟನೆಯ ದಿನಕ್ಕಿಂತ ಮರುದಿನ ಹೋಗುವುದು ಮೇಲು. ಹಾರ, ಭಾಷಣ, ಪರಿಚಯಸ್ಥರ ಮಾತುಕತೆ ಎಲ್ಲ ಮುಗಿದು ಚಿತ್ರ ಬರೆದವರೇ ಬಿಡುವಾಗಿ ಸಿಗುತ್ತಾರೆ, ಕೇಳಬೇಕಾದ ಪ್ರಶ್ನೆಯನ್ನು ನೇರವಾಗಿ ಕೇಳಬಹುದು.