ಖಡಕ್ ರೊಟ್ಟಿ ಪಾಕೀಟು: ಎಣಿಸಬೇಡಿ, ತೂಗಿರಿ

ವಿಜಯಪುರದ ಗಾಂಧಿ ಚೌಕದ ಸುತ್ತ ಕಿರಾಣಿ ಅಂಗಡಿಗೆ ಹೋಗಿ, ಹಿಂಡಿ (ಚಟ್ನಿಪುಡಿ) ಮಾರುವವರ ಹತ್ತಿರ ಹೋಗಿ, ಬಿಳಿಜೋಳದ ಖಡಕ್ ರೊಟ್ಟಿ ಪಾಕೀಟು ಕೈಗೆ ಸಿಗುತ್ತದೆ. ಜೊತೆಗೆ ‘ಶುಗರ್ ಇದ್ದವರಿಗೆ ಬಹಳ ಛಲೋರೀ’ ಎಂಬ ಮಾತೂ ಪುಕ್ಕಟೆ. ರೊಟ್ಟಿಗೆ ಪೂರ್ತಿ ಅಂಕ, ಮಾತಿಗೆ ಅರ್ಧ.

100 ಗ್ರಾಂ ಜೋಳದ ಹಿಟ್ಟಿನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 68 ಗ್ರಾಂ, ಗೋಧಿ ಹಿಟ್ಟಿನಲ್ಲಿ ಸುಮಾರು 64. ನಾರು ಎರಡರಲ್ಲೂ 10–11 ಗ್ರಾಂ. ಚಪಾತಿ ಬಿಟ್ಟು ರೊಟ್ಟಿ ಹಿಡಿದ ಮಾತ್ರಕ್ಕೆ ಲೆಕ್ಕ ಇಳಿಯುವುದಿಲ್ಲ. ಜೋಳದ ಅನುಕೂಲ ಬೇರೆ: ಬೇಯುವಾಗ ಅದರ ಪ್ರೋಟೀನು ಪಿಷ್ಟದ ಕಣಗಳನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತದೆ, ಹಾಗಾಗಿ ಜೀರ್ಣ ಸ್ವಲ್ಪ ನಿಧಾನ. ಆದರೆ ನಿಧಾನವಾಗಿ ಏರಿದರೂ ಶುಗರ್ ಏರುವುದು ಏರುವುದೇ.

ಎಲ್ಲರೂ ಎಡವುವುದು ತೂಕದಲ್ಲಿ. ಮೆತ್ತನ್ನ ರೊಟ್ಟಿಯಲ್ಲಿ ನೀರಿನ ಭಾರವಿರುತ್ತದೆ. ಖಡಕ್ ರೊಟ್ಟಿಯಲ್ಲಿ ನೀರು ಹೆಚ್ಚುಕಡಿಮೆ ಆರಿಹೋಗಿ ಉಳಿದದ್ದೆಲ್ಲ ಹಿಟ್ಟೇ. 30 ಗ್ರಾಂ ತೂಗುವ ಒಂದು ರೊಟ್ಟಿಯಲ್ಲಿ ಸುಮಾರು 21 ಗ್ರಾಂ ಕಾರ್ಬೋಹೈಡ್ರೇಟ್. ಅಂಥ ಎರಡು ರೊಟ್ಟಿ ಅಂದರೆ 150 ಗ್ರಾಂ ಅನ್ನಕ್ಕೆ ಸಮ. ನಾರಿನಲ್ಲಿ ಮಾತ್ರ ಅನ್ನ ಇದರ ಹತ್ತಿರಕ್ಕೂ ಬರುವುದಿಲ್ಲ. ಹಪ್ಪಳದಂತೆ ಹಗುರ ಅನಿಸುವುದರಿಂದ ಮಾತಾಡುತ್ತ ನಾಲ್ಕು ಖಾಲಿಯಾಗುತ್ತವೆ, ಆಮೇಲೆ ಅನ್ನ–ಸಾರು ಇದ್ದೇ ಇದೆ. ಪಾಕೀಟಿನ ಮೇಲೆ ಎಷ್ಟು ರೊಟ್ಟಿ ಎಂದಷ್ಟೇ ಬರೆದು ತೂಕ ಬರೆಯದಿದ್ದರೆ ಮನೆಯಲ್ಲಿ ಐದು ರೊಟ್ಟಿ ಒಟ್ಟಿಗೆ ತೂಗಿ ಐದರಿಂದ ಭಾಗಿಸಿ. ಬಡಿಯುವ ಕೈ ಬದಲಾದರೆ ತೂಕವೂ ಬದಲಾಗುತ್ತದೆ.

ಕೊಳ್ಳುವ ಮೊದಲು ಏನೇನು ಹಾಕಿದ್ದಾರೆ ಓದಿ. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಪ್ರೋಟೀನು ಜೋಳದಲ್ಲಿ ಇಲ್ಲ. ಕುದಿನೀರಿಗೆ ಪಿಷ್ಟ ಅಂಟಾಗುವುದರಿಂದಲೇ ಹಿಟ್ಟು ಕೂಡಿಕೊಳ್ಳುತ್ತದೆ. ಲಟ್ಟಿಸುವಾಗ ಹರಿಯಬಾರದೆಂದು ಗೋಧಿ ಹಿಟ್ಟೋ ಮೈದಾವೋ ಬೆರೆಸುವವರಿದ್ದಾರೆ. ಅಂಚು ಒಂದಿಷ್ಟೂ ಬಿರಿಯದೆ ಬಟ್ಟೆಯಂತೆ ನಯವಾಗಿದ್ದರೆ ಒಂದು ಮಾತು ಕೇಳುವುದು ಒಳ್ಳೆಯದು. ಸಜ್ಜಿ ರೊಟ್ಟಿಯಾದರೆ ಸ್ವಲ್ಪ ಸ್ವಲ್ಪವೇ ತನ್ನಿ. ಸಜ್ಜೆಯ ಎಣ್ಣೆಯಂಶ ಬೇಗ ಕೆಟ್ಟು ಕಹಿಯಾಗುತ್ತದೆ.

ಜೊತೆಗೆ ಕೊಡುವ ಹಿಂಡಿಗಳಲ್ಲಿ ಅಗಸಿ ಹಿಂಡಿ ಮೊದಲ ಆಯ್ಕೆ, ಗುರೆಳ್ಳು ಎರಡನೆಯದು. ಶೇಂಗಾ ಹಿಂಡಿ ರುಚಿಯಲ್ಲಿ ರಾಜ, ಆದರೆ ಬೆಲ್ಲ ಬೆರೆಸಿರುತ್ತಾರೆಯೇ ವಿಚಾರಿಸಿ. ಅದರ 20 ಗ್ರಾಮಿನಲ್ಲೇ ಸುಮಾರು 100 ಕ್ಯಾಲೊರಿ ಇದೆ, ಮೇಲೆ ಎಣ್ಣೆ ಸುರಿದುಕೊಂಡರೆ ಇನ್ನೂ ಹೆಚ್ಚು. ಇನ್ಸುಲಿನ್ ಪ್ರತಿರೋಧವಿದ್ದು (ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ) ಹೊಟ್ಟೆಯ ಸುತ್ತ ಬೊಜ್ಜಿರುವವರಿಗೆ ಈ ಲೆಕ್ಕವೂ ಬೇಕು. ಬಿಪಿ ಇದ್ದರೆ ಹಿಂಡಿಯ ಉಪ್ಪನ್ನೂ ಮರೆಯಬೇಡಿ.

ಊಟದಲ್ಲಿ ಕ್ರಮ ಮುಖ್ಯ. ಸೌತೆಕಾಯಿ, ಮೂಲಂಗಿ, ಹಸಿ ಮೆಂತ್ಯ, ಹಕ್ಕರಕಿ ಸೊಪ್ಪು ಸಿಕ್ಕರೆ ಅದೂ ಮೊದಲು; ಆಮೇಲೆ ಒಂದು ಬಟ್ಟಲು ಮಡಕಿ ಕಾಳಿನ ಪಲ್ಯ ಇಲ್ಲವೆ ಪುಂಡಿಪಲ್ಯ; ರೊಟ್ಟಿ ಕೊನೆಗೆ, ಎರಡೇ, ಅನ್ನವಿಲ್ಲದೆ. ತರಕಾರಿ ಮತ್ತು ಕಾಳು ಮುಂಚೆ ಹೋದರೆ ಶುಗರಿನ ಏರಿಕೆ ತಗ್ಗುತ್ತದೆ. ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲೋ ಸಾರಿನಲ್ಲೋ ನೆನೆಸಿದರೆ ಅಗಿಯುವ ಕೆಲಸ ತಪ್ಪುತ್ತದೆ, ಬೇಗ ಇಳಿಯುತ್ತದೆ, ಇನ್ನೊಂದು ಬೇಕೆನಿಸುತ್ತದೆ. ಹಲ್ಲು ಗಟ್ಟಿ ಇದ್ದವರು ಕಡಿದೇ ತಿನ್ನಲಿ. ಉಂಡ ಮೇಲೆ 10–15 ನಿಮಿಷ ನಡೆದಾಡಿ.

ನಿಮಗೆ ಎಷ್ಟು ರೊಟ್ಟಿ ಹಿಡಿಸುತ್ತದೆ ಎಂದು ಗ್ಲುಕೋಮೀಟರ್ ಹೇಳುತ್ತದೆ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ತಾಸಿಗೆ ಇನ್ನೊಮ್ಮೆ ನೋಡಿ. ಎರಡನೆಯದು 180ರ (mg/dL) ಒಳಗಿರಬೇಕೆಂಬುದು ಸಾಮಾನ್ಯ ಗುರಿ. ನಿಮ್ಮ ಡಾಕ್ಟರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಒಂದೇ ಪಲ್ಯ, ಒಂದೇ ಹೊತ್ತು ಇಟ್ಟುಕೊಂಡು ಮೂರು ದಿನ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ನಾಲ್ಕು ರೊಟ್ಟಿಯಿಂದ ಒಮ್ಮೆಲೇ ಎರಡಕ್ಕೆ ಇಳಿಯಬಾರದು. ಔಷಧಿ ಅದೇ ಇದ್ದು ಊಟ ಅರ್ಧವಾದರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು: ಬೆವರು, ನಡುಕ, ಮಂಕು. ಆಗ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಆ ಹೊತ್ತಿನಲ್ಲಿ ರೊಟ್ಟಿ ಕಡಿಯುತ್ತ ಕೂತರೆ ಪ್ರಯೋಜನವಿಲ್ಲ, ಅದು ಕರಗಿ ರಕ್ತ ಸೇರುವುದು ತಡ.